ಬಾಲ್ಕನಿಯ ತೋಟಕ್ಕೆ ತಳದ ನೀರು

(ಡಾರ್ಮ್‌ಸ್ಟಾಟ್‌ನಲ್ಲಿ ಸೇರಿದ್ದ ಕನ್ನಡ ಬಾಂಧವರ ಕೂಟದಲ್ಲಿ, ಮಗಳ ಮನೆಗೆ ಬಂದಿದ್ದ ನಿವೃತ್ತ ಮಣ್ಣು ವಿಜ್ಞಾನದ ಅಧ್ಯಾಪಕರೊಬ್ಬರು ಮಾಡಿದ ಅತಿಥಿ ಉಪನ್ಯಾಸದ ಬರಹರೂಪ.)



ಈ ಸಭೆಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಸಾಹಿತ್ಯದ ವಿಷಯವೊಂದನ್ನು ಆರಿಸಿಕೊಳ್ಳಬೇಕೇನೋ ಎಂದು ನಾನು ಅಂಜಿದ್ದೆ. ಅವರು ನಕ್ಕು, “ನಿಮಗೆ ಗೊತ್ತಿರುವುದನ್ನೇ ಹೇಳಿ ಸಾರ್” ಎಂದರು. ನನಗೆ ಗೊತ್ತಿರುವುದು ಮಣ್ಣು. ಮೂವತ್ತು ವರ್ಷ ಮಣ್ಣನ್ನು ಕುರಿತು ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಈ ಊರಿಗೆ ಬಂದಾಗಲೆಲ್ಲ ನೀವು ಪ್ರೀತಿಯಿಂದ ಮನೆಗೆ ಕರೆಯುತ್ತೀರಿ. ಊಟವಾದ ಮೇಲೆ ಬಾಲ್ಕನಿಗೆ ಕರೆದೊಯ್ದು ಎಲೆಯುದುರಿದ ಒಂದು ಕರಿಬೇವಿನ ಕಡ್ಡಿಯನ್ನು ತೋರಿಸುತ್ತೀರಿ. “ನಾವು ನೀರು ಹಾಕುವುದನ್ನು ಒಂದು ದಿನವೂ ತಪ್ಪಿಸಿಲ್ಲ, ಆದರೂ ಏಕೆ ಹೀಗಾಯಿತು?” ಎಂದು ಕೇಳುತ್ತೀರಿ. ಕೆಲವರ ಪ್ರಶ್ನೆ ಇದರ ತಿರುವುಮುರುವು: “ನಾಲ್ಕು ವಾರ ಊರಿಗೆ ಹೋಗಿ ಬಂದೆವು, ಬಂದು ನೋಡಿದರೆ ಎಲ್ಲವೂ ಒಣಗಿತ್ತು.”

ಈ ಎರಡು ಪ್ರಶ್ನೆಗಳಿಗೂ ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ. ಅದು ತಳದಲ್ಲಿ ನೀರಿನ ತೊಟ್ಟಿಯಿದ್ದು ತಾನೇ ಗಿಡಕ್ಕೆ ನೀರುಣಿಸುವ ಕುಂಡ. ಇದನ್ನು ನಾನು ಸರಳವಾಗಿ ‘ತೊಟ್ಟಿಕುಂಡ’ ಎಂದು ಕರೆಯುತ್ತೇನೆ. ಈ ಕುಂಡ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೇ ಇಂದಿನ ನನ್ನ ವಿಷಯ. ನಾನು ಈ ವಿಷಯವನ್ನು ಪುಸ್ತಕದಿಂದ ಮಾತ್ರ ಕಲಿತವನಲ್ಲ; ಒಂದು ಗಿಡವನ್ನು ಕೊಂದು ಕಲಿತವನು. ಆ ಕಥೆಯನ್ನು ಕೊನೆಗೆ ಒಪ್ಪಿಸುತ್ತೇನೆ.

ಮೊದಲು ಈ ನಾಡಿಗೂ ನಮ್ಮ ನಾಡಿಗೂ ಇರುವ ಒಂದು ಹಸಿರು ಸಂಬಂಧವನ್ನು ನೆನೆಯೋಣ. ಡ್ರೆಸ್ಡೆನ್ ಬಳಿಯ ಲೋಮೆನ್ ಎಂಬ ಊರಿನಲ್ಲಿ 1865ರಲ್ಲಿ ಹುಟ್ಟಿದ ಗುಸ್ಟಾಫ್ ಹೆರ್ಮನ್ ಕ್ರುಂಬಿಗಲ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಕ್ಕೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಲಾಲ್‌ಬಾಗ್‌ನ ಹೊಣೆ ಹೊತ್ತರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರಗಳನ್ನು ನೆಡಿಸಿದ ಕೀರ್ತಿ ಅವರದು. ಅವರು 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಣು ಮುಚ್ಚಿದರು. ದೂರದ ಗಿಡಗಳನ್ನು ತರಿಸಿ, ಅವು ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗುತ್ತವೆಯೇ ಎಂದು ನೋಡಿ, ಒಗ್ಗಿದವನ್ನು ಉಳಿಸಿಕೊಂಡ ಜರ್ಮನ್ ಅವರು. ಇಂದು ಅದೇ ಕೆಲಸ ತಿರುಗುಮುರುಗಾಗಿ ನಡೆದಿದೆ. ನಮ್ಮ ದಂಟು, ಬಸಳೆ, ಮೆಂತ್ಯ, ಕರಿಬೇವುಗಳನ್ನು ನೀವು ಈ ನೆಲಕ್ಕೆ ಒಗ್ಗಿಸುತ್ತಿದ್ದೀರಿ. ಅವರಿಗೆ ಎಕರೆಗಟ್ಟಲೆ ಹರಡಿದ ಲಾಲ್‌ಬಾಗ್ ಇತ್ತು. ನಿಮಗಿರುವುದು ನಾಲ್ಕು ಹೆಜ್ಜೆಯ ಬಾಲ್ಕನಿ.

ಇದು ಕೇವಲ ಹವ್ಯಾಸದ ಮಾತಲ್ಲ. ಹಿಂದೆ ಊರಿಂದ ಬರುವವರು ಪೆಟ್ಟಿಗೆಯಲ್ಲಿ ಕರಿಬೇವಿನ ಕಟ್ಟನ್ನೋ ಸಸಿಯನ್ನೋ ತರುತ್ತಿದ್ದರು. 2019ರ ಡಿಸೆಂಬರ್ 14ರಿಂದ ಯುರೋಪಿನ ಒಕ್ಕೂಟದ ಹೊಸ ಸಸ್ಯಾರೋಗ್ಯ ನಿಯಮ ಜಾರಿಯಲ್ಲಿದೆ. ಗಿಡ, ಹಸಿ ಸೊಪ್ಪು, ತರಕಾರಿ, ಹಣ್ಣು ಯಾವುದಕ್ಕೂ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಪ್ರಯಾಣಿಕರ ಚೀಲವೂ ಇದಕ್ಕೆ ಹೊರತಲ್ಲ. ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡೂರಿಯನ್ ಈ ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ. ಇದನ್ನು ಅಧಿಕಾರಿಗಳ ಕಿರುಕುಳವೆಂದು ಬಗೆಯಬೇಡಿ. ಕಿತ್ತಳೆ, ನಿಂಬೆಯ ತೋಟಗಳನ್ನು ಹಾಳುಮಾಡುವ ಹಸಿರು ರೋಗವನ್ನು ಹರಡುವ ಒಂದು ಪುಟ್ಟ ಜಿಗಿಹುಳು ಕರಿಬೇವಿನ ಎಲೆಯ ಮೇಲೂ ಬಾಳುತ್ತದೆ. ಸ್ಪೇನ್, ಇಟಲಿಗಳ ರೈತರ ಬದುಕು ಆ ಹುಳುವಿನಿಂದ ದೂರವಿರಬೇಕಾದರೆ ನಮ್ಮ ಪೆಟ್ಟಿಗೆ ಖಾಲಿಯಾಗಿಯೇ ಬರಬೇಕು. ಆದ್ದರಿಂದ ಇಲ್ಲಿ ಈಗಾಗಲೇ ಬೇರೂರಿರುವ ಒಂದೊಂದು ಗಿಡವೂ ಅಮೂಲ್ಯ. ಅದನ್ನು ಕಾಪಾಡುವ ವಿದ್ಯೆಯನ್ನು ನಾವು ಕಲಿಯಲೇಬೇಕು.

ಇನ್ನು ತೊಟ್ಟಿಕುಂಡದ ಒಳಗೆ ಏನು ನಡೆಯುತ್ತದೆಂಬುದನ್ನು ನೋಡೋಣ.

ಈ ತತ್ತ್ವ ನಮಗೆ ಹೊಸದಲ್ಲ. ದೇವರ ಮನೆಯ ದೀಪವನ್ನು ನೆನೆಸಿಕೊಳ್ಳಿ. ಎಣ್ಣೆ ಕೆಳಗಿದೆ, ಜ್ವಾಲೆ ಮೇಲಿದೆ. ಯಾರೂ ಎಣ್ಣೆಯನ್ನು ಮೇಲಕ್ಕೆ ಎತ್ತಿ ಹೊಯ್ಯುವುದಿಲ್ಲ. ಉರಿದಷ್ಟನ್ನು ಬತ್ತಿಯೇ ಎಳೆದುಕೊಳ್ಳುತ್ತದೆ. ಮಣ್ಣಿನ ಕಣಗಳ ನಡುವಣ ಸಣ್ಣ ಸಂದುಗಳೂ ಬತ್ತಿಯ ಎಳೆಗಳಂತೆ ನೀರನ್ನು ಮೇಲಕ್ಕೆ ಸೆಳೆಯುತ್ತವೆ. ವಿಜ್ಞಾನದಲ್ಲಿ ಇದಕ್ಕೆ ಕೇಶಾಕರ್ಷಣೆ ಎಂದು ಹೆಸರು. ಸಂದು ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. 1 ಮಿಲಿಮೀಟರ್ ಅಗಲದ ನಾಳದಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, 0.1 ಮಿಲಿಮೀಟರ್ ಅಗಲದ ನಾಳದಲ್ಲಿ ಸುಮಾರು 30 ಸೆಂಟಿಮೀಟರ್ ಏರುತ್ತದೆ. ಹಾಗಾದರೆ ಅತಿ ನುಣುಪಾದ ಜೇಡಿಮಣ್ಣನ್ನೇ ತುಂಬಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಬೇರು ನೀರನ್ನು ಕುಡಿಯುವುದರ ಜೊತೆಗೆ ಉಸಿರನ್ನೂ ಆಡುತ್ತದೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವ ವೇಗ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಸಂದುಗಳೆಲ್ಲ ನೀರಿನಿಂದ ತುಂಬಿದ ಮಣ್ಣಿನಲ್ಲಿ ಬೇರು ಮುಳುಗಿದವನಂತೆ ಉಸಿರುಗಟ್ಟಿ ಸಾಯುತ್ತದೆ. ಕಿರಿಯ ಸಂದು ನೀರಿಗಾಗಿ, ಹಿರಿಯ ಸಂದು ಗಾಳಿಗಾಗಿ. ಇವೆರಡೂ ಒಟ್ಟಿಗಿರುವ ಮಣ್ಣೇ ಕುಂಡಕ್ಕೆ ಯೋಗ್ಯವಾದ ಮಣ್ಣು.

ಬೇರಿಗೆ ಬೇಕಾದಷ್ಟನ್ನು ಬೇರೇ ತೆಗೆದುಕೊಳ್ಳಲಿ ಎಂಬ ಆಲೋಚನೆ ಬಹಳ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನಾದಲ್ಲಿ ಫಾನ್ ಶೆಂಗ್‌ಜಿ ಎಂಬಾತ ಬರೆದ ಕೃಷಿಗ್ರಂಥದಲ್ಲಿ, ಮಣ್ಣಿನ ಗಡಿಗೆಯನ್ನು ನೆಲದಲ್ಲಿ ಹೂಳಿ, ನೀರು ತುಂಬಿ, ಸುತ್ತಲೂ ಬಳ್ಳಿಗಳನ್ನು ಬೆಳೆಯುವ ಕ್ರಮವಿದೆ. ನಮ್ಮ ಬಯಲುಸೀಮೆಯಲ್ಲಿಯೂ ಸಸಿಯ ಬುಡದಲ್ಲಿ ಮಡಕೆ ಹೂಳುವ ಪದ್ಧತಿಯನ್ನು ನೀವು ಕಂಡಿರಬಹುದು. ಸುಟ್ಟ ಮಣ್ಣಿನ ಮೈಯಿಂದ ನೀರು ಜಿನುಗುತ್ತದೆ. ಸುತ್ತಲಿನ ಮಣ್ಣು ಒಣಗಿದರೆ ಹೆಚ್ಚು, ಹಸಿಯಾಗಿದ್ದರೆ ಕಡಿಮೆ. ಲೆಕ್ಕ ಇಡುವವನು ತೋಟಗಾರನಲ್ಲ, ಮಣ್ಣು.

ಇಂದಿನ ತೊಟ್ಟಿಕುಂಡವನ್ನು ನಮ್ಮ ಊರಿನ ಕೆರೆಯಂತೆ ತಿಳಿದುಕೊಂಡರೆ ಅರ್ಥ ಸುಲಭ. ತಳದಲ್ಲಿ ನೀರು ನಿಲ್ಲುವ ಜಾಗ ಕೆರೆ. ಅದರ ಮೇಲೆ ತೂತುಗಳಿರುವ ಒಂದು ಹಲಗೆ, ಹಲಗೆಯ ಮೇಲೆ ಮಣ್ಣು. ಹಲಗೆಯ ಒಂದೆರಡು ಕಡೆ ಬಟ್ಟಲಿನಂತಹ ತಗ್ಗುಗಳಿದ್ದು ಅವು ನೀರಿನಲ್ಲಿ ಅದ್ದಿರುತ್ತವೆ. ಆ ತಗ್ಗಿನಲ್ಲಿ ತುಂಬಿದ ಮಣ್ಣೇ ಬತ್ತಿ. ಮೇಲಿನಿಂದ ತಳದವರೆಗೆ ಇಳಿಯುವ ಕೊಳವೆ ನೀರು ಹೊಯ್ಯಲು. ಇವುಗಳ ಜೊತೆಗೆ ಎಲ್ಲಕ್ಕಿಂತ ಮುಖ್ಯವಾದ ಅಂಗವೊಂದಿದೆ. ಅದು ಕೋಡಿ. ಕೆರೆ ತುಂಬಿದಾಗ ಏರಿ ಒಡೆಯದಂತೆ ಕೋಡಿ ಹೇಗೆ ಕಾಪಾಡುತ್ತದೆಯೋ ಹಾಗೆ, ಮಳೆ ಸುರಿದಾಗ ತೊಟ್ಟಿಯ ನೀರು ಹಲಗೆಯನ್ನು ಮುಟ್ಟುವ ಮೊದಲೇ ಹೊರಗೆ ಹರಿಯಲು ಒಂದು ತೂತು ಇರಲೇಬೇಕು. ನೀರಿನ ಮಟ್ಟಕ್ಕೂ ಹಲಗೆಗೂ ನಡುವೆ ಒಂದೆರಡು ಸೆಂಟಿಮೀಟರ್ ಗಾಳಿಯ ಅವಕಾಶ ಉಳಿಯಬೇಕು. ಅಂಗಡಿಯಲ್ಲಿ ‘ವಾಸರ್‌ಶ್ಪೈಷರ್’ ಎಂಬ ಪದವಿದ್ದರೆ ನೀರಿನ ತೊಟ್ಟಿಯಿದೆ ಎಂದರ್ಥ. ‘ಊಬರ್‌ಲೌಫ್’ ಎಂದಿದ್ದರೆ ಕೋಡಿಯಿದೆ ಎಂದರ್ಥ. ಮನೆಯೊಳಗೆ ಇಡಲೆಂದೇ ಮಾಡಿದ ಕೆಲವು ಕುಂಡಗಳಿಗೆ ಕೋಡಿ ಇರುವುದಿಲ್ಲ, ಅಥವಾ ಅದಕ್ಕೊಂದು ಬಿರಡೆ ಹಾಕಿರುತ್ತಾರೆ. ಬಾಲ್ಕನಿಯಲ್ಲಿ ಇಡುವಾಗ ಆ ಬಿರಡೆಯನ್ನು ತೆಗೆಯಲು ಮರೆಯಬೇಡಿ.

ಹಣ ಕೊಟ್ಟೇ ಕೊಳ್ಳಬೇಕೆಂದೇನೂ ಇಲ್ಲ. ನಮ್ಮ ಕೂಟಗಳ ಮೊಸರನ್ನಕ್ಕೆ ತುರ್ಕರ ಅಂಗಡಿಯಿಂದ ತರುವ 10 ಕಿಲೋ ಮೊಸರಿನ ಬಕೆಟ್ಟುಗಳು ನಿಮ್ಮೆಲ್ಲರ ಮನೆಯಲ್ಲಿವೆ. ಅಂತಹ ಎರಡು ಬಕೆಟ್ಟುಗಳನ್ನು ಒಂದರೊಳಗೊಂದು ಇಡಿ. ನಡುವೆ ಒಂದು ಗೇಣಿನ ಅರ್ಧದಷ್ಟು ಜಾಗ ಉಳಿಯುವಂತೆ ಕೆಳಗೆ ಒಂದು ಆಸರೆ ಕೊಡಿ. ಮೇಲಿನ ಬಕೆಟ್ಟಿನ ತಳಕ್ಕೆ ಸಣ್ಣ ತೂತುಗಳನ್ನೂ ನಡುವೆ ಒಂದು ದೊಡ್ಡ ತೂತನ್ನೂ ಮಾಡಿ. ಆ ದೊಡ್ಡ ತೂತಿನಲ್ಲಿ, ಮೈಯೆಲ್ಲ ತೂತು ಮಾಡಿದ ಸಣ್ಣ ಮೊಸರಿನ ಬಟ್ಟಲನ್ನು ಕೂರಿಸಿ ಮಣ್ಣು ಗಿಡಿಯಿರಿ. ಒಂದು ಕೊಳವೆಯನ್ನು ತಳದವರೆಗೆ ಇಳಿಸಿ. ಹೊರಗಿನ ಬಕೆಟ್ಟಿನಲ್ಲಿ, ಒಳಗಿನದರ ತಳಕ್ಕಿಂತ ಎರಡು ಬೆರಳು ಕೆಳಗೆ ಕೋಡಿಯ ತೂತು ಕೊರೆಯಿರಿ. ಬಟ್ಟಲಿನ ಬದಲು ಬತ್ತಿಯನ್ನೇ ಇಳಿಬಿಡುವವರು ಹತ್ತಿಯದನ್ನು ಬಳಸಬೇಡಿ, ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಹಳೆಯ ಪಾಲಿಯೆಸ್ಟರ್ ಸೀರೆಯ ಅಂಚು ಸಾಕು.

ಮಣ್ಣಿನ ವಿಷಯಕ್ಕೆ ಬಂದರೆ, ತೋಟದ ಮಣ್ಣನ್ನು ಅಗೆದು ತಂದು ಕುಂಡಕ್ಕೆ ತುಂಬುವುದು ಸರಿಯಲ್ಲ. ಅದು ಭಾರ, ನಾಲ್ಕು ಸಲ ನೀರು ಕುಡಿದ ಮೇಲೆ ಇಟ್ಟಿಗೆಯಂತೆ ಬಿಗಿಯುತ್ತದೆ. ಇಲ್ಲಿ ಮಾರುವ ಚೀಲದ ಮಣ್ಣಿನಲ್ಲಿ ಬಹುಭಾಗ ಜೌಗುನೆಲಗಳಿಂದ ತೆಗೆದ ಪೀಟ್ ಇರುತ್ತಿತ್ತು. ಸಾವಿರಾರು ವರ್ಷಗಳಲ್ಲಿ ಕೂಡಿಟ್ಟ ಇಂಗಾಲ ಅದರಿಂದ ಗಾಳಿಗೆ ಸೇರುತ್ತದೆಂದು ತಿಳಿದ ಮೇಲೆ ‘ತೋರ್ಫ್‌ಫ್ರೈ’, ಅಂದರೆ ಪೀಟ್ ಇಲ್ಲದ ಮಣ್ಣಿಗೆ ಬೇಡಿಕೆ ಬಂದಿದೆ. ಅದರ ಜಾಗದಲ್ಲಿ ಬಂದಿರುವ ವಸ್ತುಗಳಲ್ಲೊಂದು ನಮಗೆ ಬಹಳ ಹತ್ತಿರದ್ದು: ತೆಂಗಿನ ನಾರಿನ ಹುಡಿ. ತಿಪಟೂರು, ಅರಸೀಕೆರೆಗಳ ರಸ್ತೆಬದಿಯಲ್ಲಿ ರಾಶಿ ಬಿದ್ದಿರುತ್ತಿದ್ದ ಆ ಹುಡಿಯನ್ನು ಒತ್ತಿ ಇಟ್ಟಿಗೆ ಮಾಡಿ ಇಲ್ಲಿಗೆ ಹಡಗಿನಲ್ಲಿ ತರುತ್ತಾರೆ. 5 ಕಿಲೋ ತೂಕದ ಒಂದು ಇಟ್ಟಿಗೆ ನೀರು ಕುಡಿದು ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ಅದರಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಒಮ್ಮೆ ತೊಳೆದು ಬಳಸುವುದು ಲೇಸು. ಇದರ ಮೂರು ಪಾಲು, ಒಳ್ಳೆಯ ಗೊಬ್ಬರದ ಮಣ್ಣು ಒಂದು ಪಾಲು, ಪರ್ಲೈಟ್ ಅಥವಾ ಒರಟು ಮರಳು ಒಂದು ಪಾಲು. ಈ ಮಿಶ್ರಣ ಹೆಚ್ಚಿನ ಸೊಪ್ಪು ತರಕಾರಿಗಳಿಗೆ ಸರಿಹೋಗುತ್ತದೆ.

ಗೊಬ್ಬರದ ಮಾತು ಬಂದಾಗ ಈ ಊರಿನಲ್ಲಿ ನಿಂತು ಒಬ್ಬರನ್ನು ನೆನೆಯದಿದ್ದರೆ ಗುರುದ್ರೋಹವಾದೀತು. ಮಣ್ಣಿನ ರಸಾಯನ ವಿದ್ಯೆಯ ಹಿರಿಯ ಯುಸ್ಟುಸ್ ಫಾನ್ ಲೀಬಿಗ್ ಹುಟ್ಟಿದ್ದು ಇದೇ ಡಾರ್ಮ್‌ಸ್ಟಾಟ್‌ನಲ್ಲಿ, 1803ರ ಮೇ 12ರಂದು. 1815ರಲ್ಲಿ ಇಂಡೊನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಗೆಯೇ ಬಾರದೆ ಬೆಳೆ ಕೆಟ್ಟು ಹಸಿವು ಹಬ್ಬಿದಾಗ ಅವರು 13 ವರ್ಷದ ಹುಡುಗ. 1840ರಲ್ಲಿ ಅವರು ಪ್ರಕಟಿಸಿದ ಕೃಷಿ ರಸಾಯನದ ಗ್ರಂಥ ಲೋಕದ ಬೇಸಾಯದ ದಿಕ್ಕನ್ನೇ ಬದಲಿಸಿತು. ಕಾರ್ಲ್ ಶ್ಪ್ರೆಂಗೆಲ್ ಮೊದಲು ಹೇಳಿದ್ದ, ಲೀಬಿಗ್ ಜಗತ್ತಿಗೆಲ್ಲ ತಿಳಿಸಿದ ನಿಯಮವೊಂದಿದೆ: ಗಿಡದ ಬೆಳವಣಿಗೆಯನ್ನು ನಿರ್ಧರಿಸುವುದು ಹೇರಳವಾಗಿರುವ ವಸ್ತುವಲ್ಲ, ಎಲ್ಲಕ್ಕಿಂತ ಕೊರತೆಯಾಗಿರುವ ವಸ್ತು. ನಾವು ತರಗತಿಯಲ್ಲಿ ಇದನ್ನು ಹಲಗೆಗಳಿಂದ ಕಟ್ಟಿದ ಪೀಪಾಯಿಯ ಚಿತ್ರ ಬರೆದು ಹೇಳುತ್ತೇವೆ. ಎಲ್ಲಕ್ಕಿಂತ ಗಿಡ್ಡನೆಯ ಹಲಗೆಯ ಎತ್ತರದವರೆಗೆ ಮಾತ್ರ ನೀರು ನಿಲ್ಲುತ್ತದೆ. ಬಿಸಿಲೇ ಗಿಡ್ಡ ಹಲಗೆಯಾಗಿರುವ ಬಾಲ್ಕನಿಯಲ್ಲಿ ನೀರನ್ನೂ ಗೊಬ್ಬರವನ್ನೂ ಸುರಿದು ಫಲವಿಲ್ಲ.

ಲೀಬಿಗ್ ಅವರ ತಪ್ಪಿನಿಂದಲೂ ನಾವು ಕಲಿಯುವುದಿದೆ. 1840ರ ದಶಕದಲ್ಲಿ ಅವರೊಂದು ಗೊಬ್ಬರವನ್ನು ತಯಾರಿಸಿದರು. ಮಳೆನೀರು ಅದನ್ನು ತೊಳೆದುಬಿಡುತ್ತದೆಂದು ಭಾವಿಸಿ, ಸುಲಭವಾಗಿ ಕರಗದ ಹಾಗೆ ಮಾಡಿದರು. ಅದು ಗಿಡಕ್ಕೂ ದಕ್ಕಲಿಲ್ಲ. ಅನೇಕ ಪೋಷಕ ಲವಣಗಳನ್ನು ಹಿಡಿದಿಡುವ ಶಕ್ತಿ ಮಣ್ಣಿಗೇ ಇದೆಯೆಂಬುದನ್ನು ಅವರು ಆಗ ಗಮನಿಸಿರಲಿಲ್ಲ. ಮುಂದೆ ಆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ತೊಟ್ಟಿಕುಂಡದಲ್ಲಿ ನಮ್ಮ ತಪ್ಪು ಇದರ ಇನ್ನೊಂದು ತುದಿಯದು. ಇಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಹೋಗಿ ಆವಿಯಾಗುತ್ತದೆ; ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಕೆಳಗೆ ತೊಳೆದುಹೋಗಲು ದಾರಿಯಿಲ್ಲ. ಮಣ್ಣಿನ ಮೇಲೆ ಕಾಣುವ ಬಿಳಿಯ ಪೊರೆ ಬೂಷ್ಟು ಮಾತ್ರವೆಂದು ತಿಳಿಯಬೇಡಿ. ಬಹುಪಾಲು ಅದು ಸುಣ್ಣ ಮತ್ತು ಗೊಬ್ಬರದ ಉಪ್ಪು. ಆದುದರಿಂದ ಚೀಲದ ಮೇಲೆ ಬರೆದ ಗೊಬ್ಬರದ ಅಳತೆಯ ಅರ್ಧವನ್ನು ಮಾತ್ರ ಹಾಕಿ. ನಾಲ್ಕೈದು ವಾರಕ್ಕೊಮ್ಮೆ ಮೇಲಿನಿಂದ ಧಾರಾಳವಾಗಿ ನೀರು ಹೊಯ್ದು, ತೊಟ್ಟಿಯನ್ನು ಬಸಿದು, ಹೊಸ ನೀರು ತುಂಬಿ. ನಿಮ್ಮ ನಲ್ಲಿಯ ನೀರು ಗಡಸೋ ಅಲ್ಲವೋ ಎಂಬುದನ್ನು ಕೆಟಲಿನ ತಳವೇ ಹೇಳುತ್ತದೆ. ಕರಿಬೇವಿನ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ, ಸುಣ್ಣದ ಹೆಚ್ಚಳದಿಂದ ಕಬ್ಬಿಣ ದಕ್ಕುತ್ತಿಲ್ಲವೆಂದು ತಿಳಿಯಿರಿ. ಮಳೆನೀರನ್ನು ಹಿಡಿದು ಕೊಡಿ.

ಇನ್ನು ಕಾಲದ ವಿಚಾರ. ಬೆಂಗಳೂರಿನಲ್ಲಿ ತಾರಸಿ ತೋಟದ ವಿದ್ಯೆಯನ್ನು ಮನೆಮನೆಗೆ ತಲುಪಿಸಿದ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರಿಂದ ಕಲಿತ ಅನೇಕರು ನಮ್ಮಲ್ಲಿದ್ದಾರೆ. ಆ ಪಾಠಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರ. ಡಾರ್ಮ್‌ಸ್ಟಾಟ್ ಉತ್ತರ ಅಕ್ಷಾಂಶ 50 ಡಿಗ್ರಿಯ ಹತ್ತಿರವಿದೆ. ಇಲ್ಲಿ ಜೂನ್‌ನಲ್ಲಿ ಹಗಲು 16 ಗಂಟೆಯನ್ನು ದಾಟುತ್ತದೆ, ಡಿಸೆಂಬರಿನಲ್ಲಿ 8 ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಚಳಿಗಾಲದ ನಡುಹಗಲಲ್ಲಿಯೂ ಸೂರ್ಯ ದಿಗಂತದಿಂದ 17 ಡಿಗ್ರಿಯಷ್ಟು ಮಾತ್ರ ಏರುತ್ತಾನೆ. ಕೊತ್ತಂಬರಿ ಜೂನ್‌ನಲ್ಲಿ ಸೊಪ್ಪು ಕೊಡದೆ ಹೂವಿಗೆ ಓಡುವುದೇಕೆಂದರೆ ಉದ್ದ ಹಗಲು ಮತ್ತು ಬಿಸಿ ಅದಕ್ಕೆ ಹೂಬಿಡುವ ಸೂಚನೆ. ಅದನ್ನು ಏಪ್ರಿಲ್‌ನಲ್ಲಿ ಅಥವಾ ಆಗಸ್ಟ್ ಕೊನೆಗೆ ಬಿತ್ತಿ. ದಂಟು ಮತ್ತು ಬಸಳೆಗೆ ಜೂನ್, ಜುಲೈಗಳ ಬಿಸಿಲೇ ಹಬ್ಬ. ಮೆಂತ್ಯ ನಾಲ್ಕು ವಾರದಲ್ಲಿ ಕೈಗೆ ಬರುತ್ತದೆ. ಮೆಣಸಿನಕಾಯಿ, ಬದನೆಗಳ ಬೀಜವನ್ನು ಫೆಬ್ರವರಿಯಲ್ಲಿಯೇ ಮನೆಯೊಳಗೆ ಮೊಳಕೆಗೆ ಹಾಕಿ. ಹೊರಗಿಡುವ ಮುಹೂರ್ತವನ್ನು ಈ ದೇಶದ ಅಜ್ಜಿಯರೇ ಇಟ್ಟಿದ್ದಾರೆ. ಮೇ 11ರಿಂದ 15ರವರೆಗೆ ಬರುವ ‘ಐಸ್‌ಹೈಲಿಗೆ’, ಅಂದರೆ ಹಿಮದ ಸಂತರ ದಿನಗಳು. ಕೊನೆಯವಳು ‘ತಣ್ಣನೆಯ ಸೋಫಿ’. ಸೋಫಿ ಹೋದ ಮೇಲೆ ಮೆಣಸಿನ ಸಸಿ ಹೊರಗೆ. ನಮ್ಮ ಮಳೆನಕ್ಷತ್ರಗಳ ಗಾದೆಗಳಂತೆ ಇದೂ ಅನುಭವದ ಪಂಚಾಂಗ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಯಾವ ಗಿಡಕ್ಕೆ ತೊಟ್ಟಿ ಬೇಕು, ಯಾವುದಕ್ಕೆ ಬೇಡ?

ಟೊಮೇಟೊ, ಬದನೆ, ಮೆಣಸಿನಕಾಯಿ, ದಂಟು, ಬಸಳೆ, ಪಾಲಕ್, ಪುದೀನ, ಮಜ್ಜಿಗೆಹುಲ್ಲು, ಬೇಸಗೆಯ ತುಳಸಿ ಇವೆಲ್ಲ ತೊಟ್ಟಿಕುಂಡದಲ್ಲಿ ಸುಖವಾಗಿರುತ್ತವೆ. ಪುದೀನಕ್ಕೆ ಮಾತ್ರ ಬೇರೆ ಮನೆ ಮಾಡಿಕೊಡಿ. ಜೊತೆಯವರ ಜಾಗವನ್ನೂ ಅದು ಆಕ್ರಮಿಸುತ್ತದೆ. ದೊಡ್ಡಪತ್ರೆ ಎಲೆಯಲ್ಲಿಯೇ ನೀರು ಕೂಡಿಟ್ಟುಕೊಳ್ಳುವ ಗಿಡ, ಅದಕ್ಕೆ ತೊಟ್ಟಿ ಬೇಡ. ಈ ದೇಶದವರು ಇಷ್ಟಪಡುವ ರೋಸ್‌ಮರಿ, ಥೈಮ್, ಸೇಜ್‌ಗಳು ಮೆಡಿಟರೇನಿಯನ್ ಕಡಲ ಸುತ್ತಣ ಒಣಗುಡ್ಡದವು, ಅವಕ್ಕೂ ಬೇಡ. ಬೀಜ ಬಿತ್ತಿದ ಅಥವಾ ಸಸಿ ನೆಟ್ಟ ಮೊದಲ ಎರಡು ಮೂರು ವಾರ ಯಾವ ಗಿಡಕ್ಕಾದರೂ ಮೇಲಿನಿಂದಲೇ ನೀರು ಕೊಡಬೇಕು. ಎಳೆಯ ಬೇರು ಇನ್ನೂ ತಳದ ಹಸಿಯನ್ನು ಮುಟ್ಟಿರುವುದಿಲ್ಲ. ಆಮೇಲೆಯೂ ತೊಟ್ಟಿ ಖಾಲಿಯಾದ ಕೂಡಲೇ ತುಂಬಬೇಡಿ. ಒಂದೆರಡು ದಿನ ಬಿಡಿ. ಬೇರು ಉಸಿರಾಡಲಿ. ನೀರು ಹೊಯ್ಯುವ ಕೊಳವೆಯ ಬಾಯಿಗೆ ಒಂದು ಬಲೆ ಕಟ್ಟಿ. ನಿಂತ ನೀರು ಸೊಳ್ಳೆಯ ತೊಟ್ಟಿಲೆಂಬುದನ್ನು ಡೆಂಗೆ ಕಂಡ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಏಷ್ಯಾದ ಹುಲಿಸೊಳ್ಳೆ ರೈನ್ ನದಿಯ ಮೇಲಣ ಕಣಿವೆಯಲ್ಲಿಯೂ ಈಗ ನೆಲೆಯೂರಿದೆ.

ಊರಿಗೆ ಹೋಗುವವರಿಗೆ ಒಂದು ಲೆಕ್ಕ. 80 ಸೆಂಟಿಮೀಟರ್ ಉದ್ದದ ಪೆಟ್ಟಿಗೆಯ ತೊಟ್ಟಿಯಲ್ಲಿ 5 ಲೀಟರ್ ನೀರು ಹಿಡಿಯುತ್ತದೆ ಎನ್ನಿ. ಸೊಪ್ಪಿನ ಪೆಟ್ಟಿಗೆ ದಿನಕ್ಕೆ ಅರ್ಧ ಲೀಟರ್ ಕುಡಿದರೆ ಹತ್ತು ದಿನ ಬಂದೀತು. ಆದರೆ ಬಿಸಿಲಿನ ದಿನದಲ್ಲಿ ಬೆಳೆದ ಒಂದು ಟೊಮೇಟೊ ಗಿಡವೇ ಎರಡು ಲೀಟರ್ ಕುಡಿಯಬಲ್ಲದು. ಆಗ ಅದೇ ತೊಟ್ಟಿ ಮೂರನೆಯ ದಿನ ಬತ್ತುತ್ತದೆ. 2019ರ ಜುಲೈ 25ರಂದು ಈ ದೇಶದಲ್ಲಿ ಉಷ್ಣಾಂಶ 41 ಡಿಗ್ರಿಯನ್ನು ದಾಟಿದ್ದುಂಟು. ಆದ್ದರಿಂದ ತೊಟ್ಟಿ ಇದೆಯೆಂದು ನಾಲ್ಕು ವಾರ ಬೀಗ ಹಾಕಿ ಹೋಗುವಂತಿಲ್ಲ. ನೆರೆಯವರ ಸಹಾಯ ಬೇಕೇ ಬೇಕು. ಆದರೆ ದಿನಕ್ಕೆರಡು ಸಲ ಬರಬೇಕಾದವರು ವಾರಕ್ಕೆರಡು ಸಲ ಬಂದರೆ ಸಾಕು, ಕೊಳವೆಗೆ ಒಂದು ಕೊಡ ಹೊಯ್ದರೆ ಸಾಕು. ಅಷ್ಟನ್ನು ಯಾರಲ್ಲಾದರೂ ಸಂಕೋಚವಿಲ್ಲದೆ ಕೇಳಬಹುದು.

ನೆರೆಯವರ ಮಾತು ಬಂದಿತು. ನನ್ನ ಮಗಳು ಇಲ್ಲಿಗೆ ಬಂದ ಹೊಸತರಲ್ಲಿ ಮಾಮೂಲಿ ಕುಂಡಗಳನ್ನಿಟ್ಟು, ನಮ್ಮೂರಿನ ಅಂಗಳದಲ್ಲಿ ಹೊಯ್ದಂತೆ ನೀರು ಹೊಯ್ಯುತ್ತಿದ್ದಳು. ಒಂದು ದಿನ ಕೆಳಮನೆಯ ವೃದ್ಧೆ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಗೆದ ಬಿಳಿಯ ಹಾಸು, ಅದರ ಮೇಲೆ ಮಣ್ಣುನೀರಿನ ಕಲೆ. ಅವರು ಬೈಯಲಿಲ್ಲ, ಹಾಸನ್ನು ಬಿಡಿಸಿ ತೋರಿಸಿದರು, ಅಷ್ಟೆ. ಮರುವಾರವೇ ಮಗಳು ತೊಟ್ಟಿಯಿರುವ ಪೆಟ್ಟಿಗೆಗಳನ್ನು ತಂದಳು. ಮುಂದೆ ಊರಿಗೆ ಹೋದಾಗಲೆಲ್ಲ ಅವುಗಳಿಗೆ ನೀರು ಹಾಕಿದವರು ಅದೇ ವೃದ್ಧೆ. ಹಸಿಮಣ್ಣು ತುಂಬಿದ ಅಂತಹ ಒಂದು ಪೆಟ್ಟಿಗೆ 30 ಕಿಲೋದಷ್ಟು ತೂಗಬಹುದು. ಅದನ್ನು ಕಟಕಟೆಯ ಹೊರಮೈಗೆ ತೂಗುಹಾಕದೆ ಒಳಮೈಗೆ ಇಡಿ. ಬಾಲ್ಕನಿ ಎಷ್ಟು ಭಾರ ತಾಳುತ್ತದೆಂದು ಮನೆಯ ಮಾಲೀಕರನ್ನು ಮೊದಲೇ ಕೇಳಿ. ಈ ಊರಿನಲ್ಲಿಯೇ ಹುಂಡರ್ಟ್‌ವಾಸರ್ ಎಂಬ ಕಲಾವಿದ ರೂಪಿಸಿದ ‘ವಾಲ್ಡ್‌ಶ್ಪಿರಾಲೆ’ ಕಟ್ಟಡವಿದೆ. ಅದು 2000ದಲ್ಲಿ ಪೂರ್ಣಗೊಂಡಿತು. ಅದರ 105 ಮನೆಗಳ ಮೇಲೆ, ಸುರುಳಿಯಾಗಿ ಏರುವ ಮಾಡಿನಲ್ಲಿ ಮರಗಳೇ ಬೆಳೆದಿವೆ. ಮರಗಳನ್ನು ಆತ ‘ಬಾಡಿಗೆದಾರರು’ ಎಂದು ಕರೆಯುತ್ತಿದ್ದ. ನಾವೂ ಇಲ್ಲಿ ಬಾಡಿಗೆದಾರರು. ಬಾಡಿಗೆದಾರರಿಗೆ ಒಪ್ಪುವ ಎಚ್ಚರಿಕೆ ನಮ್ಮ ಗಿಡಗಳ ಪರವಾಗಿಯೂ ನಮಗಿರಬೇಕು.

ಇನ್ನು ನನ್ನ ಅಪರಾಧದ ಕಥೆ. ಮಗಳಿಗೆ ಮೊದಲ ಮಗು ಹುಟ್ಟಿದ ವರ್ಷ ಈ ಊರಿನ ಕನ್ನಡ ಕುಟುಂಬವೊಂದು ಕರಿಬೇವಿನ ಒಂದು ಮರಿಸಸಿಯನ್ನು ಉಡುಗೊರೆಯಾಗಿ ಕೊಟ್ಟಿತು. ನನ್ನಾಕೆ ಬಂದಾಗಲೆಲ್ಲ ಅದನ್ನು ನೋಡಿಕೊಂಡು, ಇಲ್ಲದಾಗ ಹೇಗೆ ನೋಡಿಕೊಳ್ಳಬೇಕೆಂದು ಮಗಳಿಗೆ ಕಲಿಸಿದ್ದಳು. ಸುಟ್ಟ ಮಣ್ಣಿನ ಸಾಧಾರಣ ಕುಂಡ. ಬೆರಳನ್ನು ಎರಡು ಗಿಣ್ಣು ಮಣ್ಣಿಗೆ ಇಳಿಸಿ, ಒಣಗಿದ್ದರೆ ಒಂದು ಲೋಟ ನೀರು. ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಹೀಗೆ ಒಂಬತ್ತು ವರ್ಷ. ಗಿಡ ಮೊಮ್ಮಗನ ಎತ್ತರಕ್ಕೆ ಬೆಳೆದಿತ್ತು. ಒಂದು ಅಕ್ಟೋಬರ್ ತಿಂಗಳಲ್ಲಿ, ಮಣ್ಣಿನ ಪಂಡಿತನಾದ ನಾನು, “ಇದೇನು ಹಳೆಯ ಕಾಲದ ಕ್ರಮ” ಎಂದು ಅದನ್ನು ಬೆಲೆಬಾಳುವ ತೊಟ್ಟಿಕುಂಡಕ್ಕೆ ಬದಲಿಸಿ, ತೊಟ್ಟಿ ತುಂಬಿ, ಮನೆಯೊಳಗಿನ ಕಿಟಕಿಯ ಬಳಿ ಇಟ್ಟು ಊರಿಗೆ ಹೊರಟೆ. ನನ್ನಾಕೆ, “ಚಳಿಗಾಲದಲ್ಲಿ ಅದು ನಿದ್ದೆ ಮಾಡುತ್ತದೆ, ಎಬ್ಬಿಸಿ ಕುಡಿಸಬೇಡಿ” ಎಂದಿದ್ದಳು. ನಾನು ಕೇಳಲಿಲ್ಲ.

ಆಮೇಲೆ ಆದದ್ದು ನಾನೇ ಪಾಠ ಹೇಳುತ್ತಿದ್ದ ವಿಷಯ. ಬೆಳಕು ಕುಗ್ಗಿದಾಗ ಎಲೆ ನೀರನ್ನು ಆವಿಯಾಗಿಸುವುದಿಲ್ಲ. ಆವಿಯಾಗದಿದ್ದರೆ ಬೇರು ಎಳೆಯುವುದಿಲ್ಲ. ಆದರೆ ಮಣ್ಣಿನ ಬತ್ತಿಗೆ ಗಿಡ ಮಲಗಿದೆಯೋ ಎದ್ದಿದೆಯೋ ತಿಳಿಯದು. ತನ್ನ ಸಂದುಗಳು ತುಂಬುವವರೆಗೆ ಅದು ನೀರನ್ನು ಮೇಲೇರಿಸುತ್ತಲೇ ಇರುತ್ತದೆ. ಒಣಗಲು ಅವಕಾಶವೇ ಸಿಗದ ಮಣ್ಣಿನಲ್ಲಿ ಬೇರು ಕೊಳೆಯಿತು. ಎಲೆ ಉದುರಿದಾಗ ಮಗಳು, ನೀರು ಸಾಲದೆಂದು ಬಗೆದು ತೊಟ್ಟಿಯನ್ನು ಮತ್ತೆ ತುಂಬಿದಳು. ಫೆಬ್ರವರಿಯಲ್ಲಿ ಫೋನಿನಲ್ಲಿ, “ಅಪ್ಪಾ, ಗಿಡ ಹೋಯಿತು” ಎಂದಳು. ಹಿಂದಿನಿಂದ ಮೊಮ್ಮಗ ಅಳುವುದು ಕೇಳುತ್ತಿತ್ತು. ನನ್ನಾಕೆ ನನಗೆ ಒಂದು ಮಾತನ್ನೂ ಆಡಲಿಲ್ಲ. ಇಂದು ಅವಳು ಈ ಸಭೆಯ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ಎದುರಿಗೇ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದೇನೆ.

ಹಾಗೆಂದು ನಾನು ತೊಟ್ಟಿಕುಂಡವನ್ನು ಹಳಿಯುವುದಿಲ್ಲ. ಅದು ಬೇಸಗೆಯ ಸಾಧನ, ಬಾಯಾರುವ ಗಿಡಗಳ ಸಾಧನ. ನವೆಂಬರ್ ಬಂದೊಡನೆ ಕೆರೆಯ ತೂಬನ್ನು ಎತ್ತಿದಂತೆ ತೊಟ್ಟಿಯನ್ನು ಬಸಿದುಬಿಡಿ. ಹೊರಗೆ ಉಳಿಯುವ ಪೆಟ್ಟಿಗೆಯಲ್ಲಿ ನೀರು ನಿಂತರೆ ಅದು ಹೆಪ್ಪುಗಟ್ಟಿ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಪೆಟ್ಟಿಗೆಯನ್ನೇ ಸೀಳುತ್ತದೆ. ಕರಿಬೇವನ್ನು ತೊಟ್ಟಿಯಿಲ್ಲದ ಕುಂಡದಲ್ಲಿಯೇ ಇಟ್ಟು, ಚಳಿಗಾಲದಲ್ಲಿ ಬೆಳಕು ಹೆಚ್ಚಾಗಿರುವ, ಹೀಟರಿನಿಂದ ದೂರವಾದ ತಂಪು ಜಾಗದಲ್ಲಿರಿಸಿ. ಎಲೆ ಉದುರಿದರೆ ಗಾಬರಿಯಾಗಿ ನೀರು ಹಾಕಬೇಡಿ. ಮೊದಲು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ, ಏಪ್ರಿಲ್‌ವರೆಗೆ ಕಾಯಿರಿ. ಕುಂಡ ಯಾವುದೇ ಇರಲಿ, ಬೆರಳನ್ನು ಮಣ್ಣಿಗಿಳಿಸಿ ನೋಡುವ ಕೆಲಸವನ್ನು ಯಾವ ಯಂತ್ರಕ್ಕೂ ಬಿಟ್ಟುಕೊಡಬೇಡಿ.

ಕಥೆಗೆ ಇನ್ನೊಂದು ಸಣ್ಣ ತುದಿ ಉಳಿದಿದೆ. ಕರಿಬೇವು ಬೇರಿನಿಂದ ಮರಿಗಳನ್ನು ಎಬ್ಬಿಸುವ ಗಿಡ. ಅದು ಚೆನ್ನಾಗಿದ್ದ ದಿನಗಳಲ್ಲಿ ನನ್ನಾಕೆ ಅಂತಹ ಒಂದು ಮರಿಯನ್ನು ಬೇರುಸಹಿತ ಬಿಡಿಸಿ, ಇದೇ ಸಂಘದ ಇನ್ನೊಂದು ಮನೆಗೆ ಕೊಟ್ಟಿದ್ದಳು. ಕಳೆದ ವರ್ಷ ಆ ಮನೆಯವರು ಆ ಗಿಡದ ಮರಿಯೊಂದನ್ನು ಮೊಮ್ಮಗನ ಕೈಗೆ ಮರಳಿಸಿದರು. ಅದು ಈಗ ಸುಟ್ಟ ಮಣ್ಣಿನ ಕುಂಡದಲ್ಲಿದೆ. ನೀರು ಹಾಕುವವನು ಮೊಮ್ಮಗ. ಬೆರಳಿಟ್ಟು ನೋಡಿ ಹಾಕುತ್ತಾನೆ. ನನಗೆ ಅದರ ಹತ್ತಿರ ಸುಳಿಯಲು ಅಪ್ಪಣೆಯಿಲ್ಲ.

ಆದ್ದರಿಂದ ಅಧ್ಯಕ್ಷರಲ್ಲಿ ನನ್ನದೊಂದು ಬಿನ್ನಹ. ಪ್ರತಿವರ್ಷ ಮೇ ತಿಂಗಳಲ್ಲಿ, ತಣ್ಣನೆಯ ಸೋಫಿ ಹೋದ ಮೇಲೆ, ನೀವು ಸೇರುವ ಕೂಟಕ್ಕೆ ಒಬ್ಬೊಬ್ಬರೂ ಒಂದೊಂದು ಸಸಿ ತನ್ನಿ. ಹೋಗುವಾಗ ಬೇರೆಯವರದೊಂದನ್ನು ಒಯ್ಯಿರಿ. ಗಡಿಯಾಚೆಯಿಂದ ಗಿಡ ತರಲಾಗದ ಈ ಕಾಲದಲ್ಲಿ ನಮ್ಮ ಬಿತ್ತನೆ ಒಂದೇ ಬಾಲ್ಕನಿಯಲ್ಲಿದ್ದರೆ ಒಬ್ಬ ಪಂಡಿತನ ಅವಿವೇಕಕ್ಕೆ ಅಳಿದೀತು. ಹತ್ತು ಬಾಲ್ಕನಿಗಳಲ್ಲಿದ್ದರೆ ಉಳಿದೀತು.